ಕಷ್ಟಕಾಲದಲ್ಲಿ ದೇವರನ್ನು ಪ್ರಶ್ನಿಸಿದರೆ ಅದು ಅವಿಶ್ವಾಸವೇ?

ಅಲ್ಲ, ಬೈಬಲಿನ ಕೀರ್ತನೆಗಳೆಂಬ ಪ್ರಾರ್ಥನಾಗೀತೆಗಳಲ್ಲೇ ಅಂಥ ಪ್ರಶ್ನೆಗಳು ತುಂಬಿವೆ. ದೇವರು ತನ್ನನ್ನು ಮರೆತೇಬಿಟ್ಟನೇ ಎಂದು ಕೊರಗುವ 13ನೆಯ ಕೀರ್ತನೆಯ ಭಕ್ತನು, ಹೀಬ್ರೂ ಮೂಲದಲ್ಲಿ, ಆರಂಭದಲ್ಲೇ ನಾಲ್ಕು ಬಾರಿ ‘ಎಷ್ಟರವರೆಗೆ’ ಎಂದು ಕೇಳುತ್ತಾನೆ. ಆದರೂ ಪರಿಸ್ಥಿತಿ ಬದಲಾಯಿತೆಂಬ ಸುಳಿವೇ ಇಲ್ಲದಿರುವಾಗ, ಆತನ ಕೃಪೆಯಲ್ಲಿ ತನಗೆ ಭರವಸೆಯಿದೆ ಎನ್ನುತ್ತಾನೆ. 88ನೆಯ ಕೀರ್ತನೆಗೆ ಅಷ್ಟು ಸಮಾಧಾನವೂ ಇಲ್ಲ, ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ (ಅದನ್ನು ತಿದ್ದದೆ ಉಳಿಸಿಕೊಂಡದ್ದೇ ನನಗೆ ದೊಡ್ಡದೆನಿಸುತ್ತದೆ). ಶಿಲುಬೆಯ ಮೇಲೆ ಯೇಸು ‘ಏಕೆ ಕೈಬಿಟ್ಟೆ’ ಎಂದು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಮಾತನ್ನೇ. ಈ ದೂರುಗಳೆಲ್ಲ ದೇವರ ಬಗ್ಗೆ ಇತರರಲ್ಲಿ ಆಡಿಕೊಂಡವಲ್ಲ, ನೇರವಾಗಿ ದೇವರಿಗೇ ಹೇಳಿದವು. ತಪ್ಪಿಲ್ಲದೆಯೂ ಕಷ್ಟಕ್ಕೆ ಸಿಲುಕಿದ, ಬೈಬಲಿನ ಯೋಬನ ಕಥೆಯ ಕೊನೆಯಲ್ಲಿಯೂ ದೇವರ ಕೋಪ ತಿರುಗುವುದು ವಾದಿಸಿದ ಯೋಬನ ಮೇಲಲ್ಲ, ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ಉಪದೇಶಿಸಿದ ಮೂವರು ಗೆಳೆಯರ ಮೇಲೆ.