ತೂತು ಹಾಕಿದ್ರೆ ಪ್ಲೇಟ್ ಇನ್ನೂ ಗಟ್ಟಿ ಆಗುತ್ತಾ?

ಪ್ರಶ್ನೆ: ಸರ್, ನಾನು ಎಂಟೆಕ್ ಓದ್ತಿದೀನಿ. ಕಾರ್ಬನ್ ಫೈಬರ್ ಲ್ಯಾಮಿನೇಟ್ (ಪದರ ಪದರ ಅಂಟಿಸಿದ) ಪ್ಲೇಟ್‌ನ ನಾಲ್ಕೂ ಅಂಚು ಕ್ಲ್ಯಾಂಪ್ ಮಾಡಿ ಬಿಸಿ ಮಾಡಿದ್ರೆ ಎಷ್ಟು ಟೆಂಪರೇಚರ್‌ಗೆ ಬಕಲ್ ಆಗುತ್ತೆ, ಅಂದ್ರೆ ಒಮ್ಮೆಲೇ ಉಬ್ಬಿ ಬಾಗುತ್ತೆ, ಅಂತ ಸಾಫ್ಟ್‌ವೇರ್‌ನಲ್ಲಿ ನೋಡ್ತಿದೀನಿ. ನಡುವೆ ದೊಡ್ಡ ತೂತು ಕೊಟ್ರೆ ಅದು ಕಮ್ಮಿ ಆಗೋದು ಬಿಟ್ಟು ಜಾಸ್ತಿ ಆಗ್ತಿದೆ. ಮಾಡೆಲ್ಲೇ ತಪ್ಪು ಅಂತಾರೆ ನಮ್ಮ ಗೈಡ್. ಹೌದಾ?
(ಹೆಸರು ಬೇಡ, ತುಮಕೂರು)

ಉತ್ತರ: ತಪ್ಪೇ ಇರ್ಬೇಕು ಅಂತೇನಿಲ್ಲ, ಹೀಗೆ ಬರೋದುಂಟು. ಹೊರಗಿಂದ ಇಷ್ಟು ಲೋಡ್ ಅಂತ ಒತ್ತಿದ್ರೆ ತೂತು ಇರ್ಲಿ ಬಿಡ್ಲಿ ಪ್ಲೇಟ್ ಅಷ್ಟನ್ನೂ ಹೊರ್ಲೇಬೇಕು, ಆದ್ರೆ ಬಿಸಿಯಲ್ಲಿ ಪ್ಲೇಟ್ ಹಿಗ್ಗೋಕೆ ನೋಡುತ್ತೆ, ಅಂಚು ಬಿಡಲ್ಲ, ಒತ್ತಡ ಹುಟ್ಟೋದೇ ಆ ಜಟಾಪಟಿಯಿಂದ. ನಡುವಿನ ಮಟೀರಿಯಲ್ ತೆಗೆದ್ರೆ ತಳ್ಳೋದೂ ಕಮ್ಮಿ, ತೂತಿನ ಕಡೆಗೆ ಸ್ವಲ್ಪ ಹಿಗ್ಗೋಕೆ ಜಾಗನೂ ಸಿಕ್ತು, ಮಿಕ್ಕ ಒತ್ತಡ ಕ್ಲ್ಯಾಂಪ್ ಹತ್ರ ಸರಿಯುತ್ತೆ, ಅಲ್ಲಿ ಪ್ಲೇಟ್ ಸುಲಭಕ್ಕೆ ಬಾಗಲ್ಲ. ತೂತಿಂದ ಬಿಗಿನೂ ಕಮ್ಮಿ ಆಗುತ್ತೆ ನಿಜ, ಎರಡ್ರಲ್ಲಿ ಯಾವುದು ಗೆಲ್ಲುತ್ತೆ ಅನ್ನೋದು ತೂತಿನ ಸೈಜು, ಪದರ ಜೋಡಿಸಿರೋ ಕೋನ, ಅಂಚು ಹಿಡಿದಿರೋ ರೀತಿ ಮೇಲಿದೆ.

ಗೈಡ್ ಹತ್ರ ವಾದ ಮಾಡೋ ಮುಂಚೆ ತೂತಿಲ್ಲದ ಅಲ್ಯೂಮಿನಿಯಂ ಪ್ಲೇಟ್ ಒಂದು ರನ್ ಮಾಡಿ. 300 ಮಿಮೀ ಚೌಕ, 2 ಮಿಮೀ ದಪ್ಪ, ಸಿಂಪ್ಲಿ ಸಪೋರ್ಟೆಡ್ (ಅಂಚು ಮೇಲೆ ಕೆಳಗೆ ಹೋಗಲ್ಲ, ತಿರುಗಬಹುದು), ಆದ್ರೆ ಅಂಚು ಅಡ್ಡಡ್ಡ ಜರುಗಬಾರ್ದು. ಬರೀ 2.4 ಡಿಗ್ರಿ ಏರಿದ್ರೆ ಬಕಲ್ ಅಂತ ಬರ್ಬೇಕು. ಇಷ್ಟು ಕಮ್ಮಿನಾ ಅನ್ಬೇಡಿ, ಲೆಕ್ಕ ಹಾಗೇ ಇದೆ! ಯಂಗ್ಸ್ ಮಾಡ್ಯುಲಸ್ (ಲೋಹ ಎಷ್ಟು ಬಿಗಿ ಅನ್ನೋ ಅಳತೆ) ಇಲ್ಲಿ ಹೊಡ್ಕೊಂಡು ಹೋಗುತ್ತೆ, ಯಾಕಂದ್ರೆ ಗಟ್ಟಿ ಲೋಹ ತಡ್ಕೊಳ್ಳೋದೂ ಜಾಸ್ತಿ ತಳ್ಳೋದೂ ಜಾಸ್ತಿ, ದಪ್ಪ ಡಬಲ್ ಮಾಡಿದ್ರೆ ಮಾತ್ರ ಬಕಲ್ ಆಗೋಕೆ ಬೇಕಾದ ಏರಿಕೆ ನಾಲ್ಕು ಪಟ್ಟು. ಈ ನಂಬರ್ ಬಂದಿಲ್ಲ ಅಂದ್ರೆ ನಿಮ್ಮ ಬೌಂಡರಿ ಕಂಡಿಶನ್ನಲ್ಲೋ (ಅಂಚು ಹಿಡಿದಿರೋ ರೀತಿ) ಕೊಟ್ಟಿರೋ ನಂಬರಲ್ಲೋ ಏನೋ ಎಡವಟ್ಟಾಗಿದೆ.

ಆಮೇಲೆ ಪದರಗಳು ಸಿಮೆಟ್ರಿಕ್ (ನಡುವಿಂದ ಮೇಲೂ ಕೆಳಗೂ ಒಂದೇ ಥರ) ಇದ್ಯಾ ನೋಡಿ. ಕಾರ್ಬನ್ ಲ್ಯಾಮಿನಾ (ಒಂದು ಪದರ) ನಾರಿನ ದಿಕ್ಕಲ್ಲಿ ಹೆಚ್ಚುಕಮ್ಮಿ ಹಿಗ್ಗೋದೇ ಇಲ್ಲ, ಅಡ್ಡಕ್ಕೆ ಅಲ್ಯೂಮಿನಿಯಂ ಥರ ಹಿಗ್ಗುತ್ತೆ. ಅದಕ್ಕೇ 0/90 ಅಂತ (ಒಂದರ ನಾರು ಇನ್ನೊಂದಕ್ಕೆ ಅಡ್ಡ) ಎರಡೇ ಪದರ ಇಟ್ಟು ತೂತು ಹಾಕಿದ್ರೆ ಫ್ರೀ ಇರೋ ಆ ಅಂಚು ಮೊದಲ ಡಿಗ್ರಿಯಿಂದಲೇ ಸೊಟ್ಟಗಾಗೋಕೆ ಶುರು, ಅಲ್ಲಿ ಐಗನ್‌ವ್ಯಾಲ್ಯೂ ಲೆಕ್ಕ (ಚಪ್ಪಟೆ ಪ್ಲೇಟ್ ಒಮ್ಮೆಲೇ ಬಾಗೋ ಹಂತ ಹುಡುಕೋದು) ಕೊಡೋ ಟೆಂಪರೇಚರ್‌ಗೆ ಅರ್ಥ ಇಲ್ಲ. ಇನ್ನು ಉತ್ತರ 250 ಡಿಗ್ರಿ ಗಿಗ್ರಿ ಬಂದ್ರೆ ಅದನ್ನ ರಿಪೋರ್ಟಲ್ಲಿ ಹಂಗೇ ಹಾಕ್ಬೇಡಿ, ನಾರನ್ನ ಹಿಡಿದಿಡೋ ಸಾಮಾನ್ಯ ಎಪಾಕ್ಸಿ ಅಂಟು ಅಷ್ಟೊತ್ತಿಗೆ ಮೆತ್ತಗಾಗಿರುತ್ತೆ.