ಪ್ರಾಯೋಜಕರಿಂದ ಡಬ್ಬಿಯ ಬೆಲೆಯಲ್ಲ, ಖಾಲಿ ಮಾಡುವ ಖರ್ಚು ಕೇಳಿ

ಬೀದಿ, ಬಸ್ ನಿಲ್ದಾಣ, ಪಾರ್ಕುಗಳಲ್ಲಿ ಕಸದ ಡಬ್ಬಿ ಮತ್ತು ಮರುಬಳಕೆ ಡಬ್ಬಿಗಳನ್ನು ಇಡಿಸಬೇಕು, ನಗರಾಡಳಿತದ ಬಳಿ ಹಣವಿಲ್ಲ, ಅಂಗಡಿ–ಕಂಪನಿಗಳ ಪ್ರಾಯೋಜಕತ್ವದಲ್ಲಿ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಇಂಥ ಯೋಜನೆಗಳು ಸಾಮಾನ್ಯವಾಗಿ ಎಡವುವುದು ಮೊದಲ ಲೆಕ್ಕದಲ್ಲೇ. ಡಬ್ಬಿ ಕೊಳ್ಳಲು ಪ್ರಾಯೋಜಕರನ್ನು ಹುಡುಕುತ್ತಾರೆ, ಅದನ್ನು ಖಾಲಿ ಮಾಡುವವರ ಕೂಲಿ ಯಾರು ಕೊಡಬೇಕೆಂದು ಯಾರೂ ಕೇಳುವುದಿಲ್ಲ.

ವಾರಕ್ಕೆ ಆರು ದಿನ ಖಾಲಿ ಮಾಡುವ ಒಂದು ಡಬ್ಬಿಯನ್ನು ಐದು ವರ್ಷದಲ್ಲಿ 1,560 ಸಲ ಖಾಲಿ ಮಾಡಬೇಕಾಗುತ್ತದೆ. ಪ್ರತಿ ಸಲವೂ ಗಾಡಿ, ಇಂಧನ, ಕೆಲಸಗಾರರ ಸಮಯ, ಒಳಚೀಲ, ವಿಲೇವಾರಿಯ ವೆಚ್ಚ ಬರುತ್ತದೆ. ಇದರ ಮುಂದೆ ಡಬ್ಬಿಯ ಬೆಲೆ ಚಿಕ್ಕದು. ಹಾಗಾಗಿ ಒಂದು ಡಬ್ಬಿಗೆ ವರ್ಷಕ್ಕೆ ಎಷ್ಟು ಕೇಳಬೇಕು ಎಂಬುದನ್ನು ಹೀಗೆ ಕಟ್ಟಿ: ಡಬ್ಬಿ ಮತ್ತು ಅಳವಡಿಕೆಯ ವೆಚ್ಚವನ್ನು ಒಪ್ಪಂದದ ವರ್ಷಗಳಿಂದ ಭಾಗಿಸಿ, ಅದಕ್ಕೆ ವರ್ಷವಿಡೀ ಖಾಲಿ ಮಾಡುವ, ತೊಳೆಯುವ, ದುರಸ್ತಿ ಮಾಡುವ ಮತ್ತು ಜಾಹೀರಾತು ಫಲಕ ಬದಲಿಸುವ ಖರ್ಚು ಸೇರಿಸಿ, ಬಂದ ಮೊತ್ತವನ್ನು 0.7ರಿಂದ ಭಾಗಿಸಿ. ಈ ಕೊನೆಯ ಹೆಜ್ಜೆ ಏಕೆಂದರೆ ಎಲ್ಲ ಫಲಕಗಳೂ ಎಲ್ಲ ಕಾಲಕ್ಕೂ ಮಾರಾಟವಾಗುವುದಿಲ್ಲ, ನೂರಕ್ಕೆ 70 ಎಂದು ಹಿಡಿಯುವುದು ಕ್ಷೇಮ. ನೂರಕ್ಕೆ ನೂರು ಮಾರಾಟ ಹಿಡಿದು ಕಟ್ಟಿದ ಲೆಕ್ಕ ಎರಡನೇ ವರ್ಷವೇ ಕುಸಿಯುತ್ತದೆ. ಮರುಬಳಕೆಯ ವಸ್ತು ಮಾರಿ ಬರುವ ಹಣವನ್ನಂತೂ ಆದಾಯದಲ್ಲಿ ಹಿಡಿಯಲೇಬೇಡಿ. ಬೀದಿಯ ಡಬ್ಬಿಯಲ್ಲಿ ಸಿಗುವುದು ಕಡಿಮೆ, ಅದೂ ಕೊಳೆಯಾಗಿರುತ್ತದೆ.

ಯಾವ ಪ್ರಾಯೋಜಕರ ಬಳಿಗೂ ಹೋಗುವ ಮೊದಲು ಜಾಗಗಳ ನಕ್ಷೆ ಸಿದ್ಧವಿರಲಿ. ಎರಡು ವಾರ, ರಜಾದಿನಗಳೂ ಸೇರಿ, ಎಲ್ಲಿ ಎಷ್ಟು ಕಸ ಬೀಳುತ್ತದೆ, ಈಗಿರುವ ಡಬ್ಬಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಬರೆದಿಡಿ. ತೂಕಕ್ಕಿಂತ ಗಾತ್ರ ಮುಖ್ಯ. ಬೀದಿ ಕಸ ಹಗುರ. 100 ಲೀಟರಿನ ಡಬ್ಬಿ ಲೋಟ, ಬಾಟಲಿ, ಪೊಟ್ಟಣಗಳಿಂದ ತುಂಬಿದರೂ ಒಳಗಿರುವುದು ಸುಮಾರು 5ರಿಂದ 10 ಕಿಲೋ ಅಷ್ಟೇ. ಈ ನಕ್ಷೆ ಕೈಯಲ್ಲಿಲ್ಲದಿದ್ದರೆ ಜಾಗವನ್ನು ಪ್ರಾಯೋಜಕರೇ ಆರಿಸುತ್ತಾರೆ. ಅವರಿಗೆ ಬೇಕಾದದ್ದು ವಾಹನಗಳಲ್ಲಿ ಹೋಗುವವರ ಕಣ್ಣಿಗೆ ಬೀಳುವ ಜಾಗ. ಕಸ ಬೀಳುವುದು ನಡೆದು ಹೋಗುವವರು ನಿಲ್ಲುವ ಜಾಗದಲ್ಲಿ. ಎರಡೂ ಒಂದೇ ಅಲ್ಲ. ದೊಡ್ಡ ರಸ್ತೆಯ ಒಂದು ಡಬ್ಬಿ ಬೇಕೆಂದವರು ಒಳಬೀದಿಯ ಅಥವಾ ಪಾರ್ಕಿನ ಎರಡು ಡಬ್ಬಿಗಳ ಹೊಣೆಯನ್ನೂ ಹೊರಬೇಕು ಎಂದು ಗುಂಪಾಗಿ ಮಾರಿ. ಈ ನಿಯಮವನ್ನು ನಾನು ಯಾವ ಕಾರಣಕ್ಕೂ ಸಡಿಲಿಸುವುದಿಲ್ಲ. ಸಡಿಲಿಸಿದರೆ ನೋಡುಗರಿಲ್ಲದ ಕಡೆ ಡಬ್ಬಿಯೇ ಇರುವುದಿಲ್ಲ.

ಪ್ರಾಯೋಜಕತ್ವ ಬೇರೆ, ಜಾಹೀರಾತು ಬೇರೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಡಬ್ಬಿಯ ಮುಂಭಾಗದಲ್ಲಿ ಹೆಸರು, ಲಾಂಛನ ಇರುವ ಸಣ್ಣ ಫಲಕವಾದರೆ ಅನುಮತಿ ಸುಲಭ, ಸ್ಥಳೀಯ ವ್ಯಾಪಾರಿಗಳೂ ಮುಂದೆ ಬರುತ್ತಾರೆ. ಪೋಸ್ಟರ್ ಹಾಕುವ ದೊಡ್ಡ ಫಲಕವಾದರೆ ಜಾಹೀರಾತು ಪರವಾನಗಿ, ತೆರಿಗೆ, ಚಾಲಕರ ನೋಟಕ್ಕೆ ಅಡ್ಡಿ ಮುಂತಾದ ಪ್ರಶ್ನೆಗಳು ಏಳುತ್ತವೆ. ಜಾಹೀರಾತಿನಿಂದ ಬೀದಿ ಸೌಕರ್ಯ ನಡೆಸುವ ಮಾದರಿ ಹಳೆಯದು: ಜೆಸಿಡಿಕೋ ಎಂಬ ಜಾಹೀರಾತು ಕಂಪನಿ 1964ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಬಸ್ ತಂಗುದಾಣಗಳನ್ನು ಹೀಗೆಯೇ ಕಟ್ಟಿತು. ಅಲ್ಲಿ ತಂಗುದಾಣವನ್ನು ಶುಚಿಯಾಗಿಡುವ ಹೊಣೆ ಫಲಕ ಮಾರುವವರದೇ ಆಗಿತ್ತು. ಕಸದ ಡಬ್ಬಿಯಲ್ಲಿ ಹಾಗಾಗುವುದು ಅಪರೂಪ. ಫಲಕ ಮಾರುವವರು ಒಬ್ಬರು, ಖಾಲಿ ಮಾಡುವವರು ಮತ್ತೊಬ್ಬರು. ಆದ್ದರಿಂದ ಪ್ರಾಯೋಜಕರ ಹಣ ಪ್ರತ್ಯೇಕ ಖಾತೆಗೆ ಬಂದು, ಖಾಲಿ ಮಾಡುವ ಕೆಲಸಕ್ಕೇ ಹೋಗುವಂತೆ ಬರೆಸಿ. ಸಾಮಾನ್ಯ ನಿಧಿಗೆ ಬಿದ್ದ ಹಣ ಡಬ್ಬಿಗೆ ವಾಪಸು ಬರುವುದಿಲ್ಲ.

ಇನ್ನು ಡಬ್ಬಿಯ ವಿಷಯ. ಮರುಬಳಕೆಯ ಡಬ್ಬಿಯನ್ನು ಎಂದೂ ಒಂಟಿಯಾಗಿ ಇಡಬೇಡಿ. ಪಕ್ಕದಲ್ಲಿ ಸಾಮಾನ್ಯ ಕಸದ ಡಬ್ಬಿ ಇಲ್ಲದಿದ್ದರೆ ಜನ ಕೈಯಲ್ಲಿರುವುದನ್ನೆಲ್ಲ ಅದಕ್ಕೇ ಹಾಕುತ್ತಾರೆ. ಅರ್ಧ ಕುಡಿದ ಲೋಟವೊಂದು ಬಿದ್ದರೆ ಕಾಗದವೆಲ್ಲ ಹಾಳು. ಬರಹಕ್ಕಿಂತ ಬಾಯಿಯ ಆಕಾರವೇ ಹೆಚ್ಚು ಕೆಲಸ ಮಾಡುತ್ತದೆ: ಬಾಟಲಿ ಮತ್ತು ಕ್ಯಾನ್‌ಗೆ 12ರಿಂದ 15 ಸೆಂಟಿಮೀಟರಿನ ದುಂಡು ರಂಧ್ರ, ಕಾಗದಕ್ಕೆ ಕಿರಿದಾದ ಸೀಳು, ಉಳಿದದ್ದಕ್ಕೆ ಅಗಲ ಬಾಯಿ. ಆ ಅಗಲ ಬಾಯಿಯ ಎತ್ತರವೂ 15ರಿಂದ 20 ಸೆಂಟಿಮೀಟರ್ ಮೀರದಿರಲಿ. ಮೀರಿದರೆ ಮನೆ ಕಸದ ಚೀಲಗಳು ಬಂದು ಬೆಳಗ್ಗೆಯೇ ತುಂಬಿಬಿಡುತ್ತವೆ. ವಿಂಗಡಿಸಿದ್ದನ್ನು ಬೇರೆ ಬೇರೆಯಾಗಿ ಒಯ್ಯುವ ಗಾಡಿ ಇಲ್ಲವೆಂದರೆ ಮರುಬಳಕೆ ಡಬ್ಬಿ ಇಡಲೇಬೇಡಿ. ಎರಡನ್ನೂ ಒಂದೇ ಲಾರಿಗೆ ಸುರಿಯುವುದನ್ನು ಜನ ನೋಡಿದರೆ ಮತ್ತೆ ವಿಂಗಡಿಸುವುದಿಲ್ಲ.

ಬಣ್ಣ ನಗರದ್ದು, ಫಲಕ ಮಾತ್ರ ಪ್ರಾಯೋಜಕರದು. ತಮ್ಮ ಬ್ರ್ಯಾಂಡಿನ ಬಣ್ಣ ಇಡೀ ಡಬ್ಬಿಗೆ ಬೇಕೆಂದು ಕಂಪನಿಗಳು ಒತ್ತಾಯಿಸುತ್ತವೆ, ಒಪ್ಪಬೇಡಿ. ಯಾವ ಬಣ್ಣಕ್ಕೆ ಯಾವ ಕಸ ಎಂಬ ಗುರುತೇ ಕಲಸಿಹೋಗುತ್ತದೆ. ಸ್ಟಿಕ್ಕರನ್ನು ನೇರವಾಗಿ ಮೈಗೆ ಅಂಟಿಸಿದರೆ ಬಿಸಿಲಿಗೆ ಮಾಸುತ್ತದೆ, ಕಿತ್ತರೆ ಅಂಟು ಉಳಿಯುತ್ತದೆ. ಬೀಗವಿರುವ ಚೌಕಟ್ಟಿನೊಳಗೆ ಜಾರಿಸುವ ಫಲಕ, ಮೇಲೆ ಪಾಲಿಕಾರ್ಬೊನೇಟ್ ಹಾಳೆ ಇರಲಿ. ಪ್ರಾಯೋಜಕರು ಬದಲಾದರೆ ಕೆಲವೇ ನಿಮಿಷಗಳ ಕೆಲಸ. ಒಳತೊಟ್ಟಿ ಲೋಹದ್ದಾಗಿರಲಿ, ಬೀಡಿ–ಸಿಗರೇಟು ಆರಿಸಲು ಹೊರಗೆ ಪ್ರತ್ಯೇಕ ತಟ್ಟೆ ಇರಲಿ. ಡಬ್ಬಿಗೆ ಬೆಂಕಿ ಹತ್ತುವುದು ಹೆಚ್ಚಾಗಿ ಆರಿಸದೆ ಎಸೆದ ಬೀಡಿ–ಸಿಗರೇಟಿನಿಂದಲೇ. ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹಾಕುವ ಮೊದಲು ಕೆಳಗೆ ಕೇಬಲ್, ಪೈಪು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಗಾಲಿಕುರ್ಚಿ ಸರಾಗವಾಗಿ ಹೋಗುವಷ್ಟು ದಾರಿಯನ್ನು ಪಾದಚಾರಿ ಮಾರ್ಗದಲ್ಲಿ ಬಿಡಿ. ಕಾಲಿನಿಂದ ಒತ್ತುವ ಪೆಡಲ್ ಬೇಡ. ಟೊರಾಂಟೊ ನಗರ 2007ರಲ್ಲಿ ಬೀದಿ ಸೌಕರ್ಯಗಳಿಗೆ 20 ವರ್ಷದ ಜಾಹೀರಾತು ಒಪ್ಪಂದ ಮಾಡಿಕೊಂಡಿತು. ಅದರಡಿ ಬಂದ ಡಬ್ಬಿಗಳಲ್ಲಿ ಪದೇಪದೇ ಮುರಿದದ್ದು ಈ ಪೆಡಲ್. ಒಪ್ಪಂದ ಅಷ್ಟು ದೀರ್ಘವಾದರೆ ಕೆಟ್ಟ ವಿನ್ಯಾಸವನ್ನೂ ವರ್ಷಗಟ್ಟಲೆ ಸಹಿಸಬೇಕಾಗುತ್ತದೆ. ಮೂರರಿಂದ ಐದು ವರ್ಷ ಸಾಕು.

ಒಪ್ಪಂದದಲ್ಲಿ ಎರಡು ಕಡೆಯ ಹೊಣೆಯೂ ಇರಬೇಕು. ಪ್ರಾಯೋಜಕರು ವರ್ಷದ ಹಣ ಮುಂಗಡ ಕೊಡಬೇಕು. ತಂಬಾಕು, ಮದ್ಯ, ಜೂಜು, ರಾಜಕೀಯ ಪ್ರಚಾರ ಇಲ್ಲ ಎಂದು ಹೆಸರಿಸಿ ಬರೆಯಿರಿ. ‘ಆಕ್ಷೇಪಾರ್ಹ’ ಎಂದಷ್ಟೇ ಬರೆದರೆ ಪ್ರತಿ ಫಲಕಕ್ಕೂ ಜಗಳ. ನೀವು ಕೊಡಬೇಕಾದ ಭರವಸೆ ಏನೆಂದರೆ, ಮುಕ್ಕಾಲು ತುಂಬುವಷ್ಟರಲ್ಲಿ ಡಬ್ಬಿ ಖಾಲಿಯಾಗುತ್ತದೆ, ತುಂಬಿ ಚೆಲ್ಲುತ್ತಿದೆ ಎಂಬ ದೂರು ಬಂದರೆ ಅದೇ ದಿನ ಗಾಡಿ ಬರುತ್ತದೆ, ತಪ್ಪಿದ ದಿನಗಳ ಮೊತ್ತ ಶುಲ್ಕದಲ್ಲಿ ಕಡಿತವಾಗುತ್ತದೆ. ಚೆಲ್ಲುತ್ತಿರುವ ಡಬ್ಬಿಯ ಮೇಲೆ ತನ್ನ ಹೆಸರು ನೋಡಿದ ವ್ಯಾಪಾರಿ ಒಪ್ಪಂದ ನವೀಕರಿಸುವುದಿಲ್ಲ. ದೂರು ಬರಬೇಕಾದರೆ ಪ್ರತಿ ಡಬ್ಬಿಗೂ ದೊಡ್ಡ ಅಕ್ಷರದ ಸಂಖ್ಯೆ ಮತ್ತು ಫೋನ್ ನಂಬರು ಬೇಕು.

ಪರದೆ, ಸೆನ್ಸರ್ ಇರುವ ‘ಸ್ಮಾರ್ಟ್’ ಡಬ್ಬಿಗಳನ್ನು ಉಚಿತವಾಗಿ ಕೊಡುತ್ತೇವೆ ಎಂದು ಬರುವವರೂ ಇದ್ದಾರೆ. ಲಂಡನ್ನಿನ ‘ಸಿಟಿ’ ಎಂಬ ಹಣಕಾಸು ವ್ಯವಹಾರದ ಪ್ರದೇಶದಲ್ಲಿ 2012ರ ಒಲಿಂಪಿಕ್ಸ್ ಹೊತ್ತಿಗೆ ಪರದೆಯುಳ್ಳ ಮರುಬಳಕೆ ಡಬ್ಬಿಗಳು ಬಂದವು. ಅವುಗಳಲ್ಲಿ ಕೆಲವು ದಾರಿಹೋಕರ ಫೋನಿನ ವೈಫೈ ಗುರುತುಗಳನ್ನು ದಾಖಲಿಸುತ್ತಿದ್ದವೆಂದು 2013ರ ಆಗಸ್ಟಿನಲ್ಲಿ ಬಯಲಾಯಿತು. ನಗರಾಡಳಿತ ಅದನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ಎಷ್ಟು ತುಂಬಿದೆ ಎಂದು ಅಳೆಯುವುದನ್ನು ಬಿಟ್ಟು ಬೇರಾವ ಮಾಹಿತಿಯನ್ನೂ ಸಂಗ್ರಹಿಸಬಾರದು ಎಂಬ ಒಂದು ಸಾಲು ಒಪ್ಪಂದದಲ್ಲಿರಲಿ.

ಮೊದಲು 20ರಿಂದ 30 ಡಬ್ಬಿಗಳಿಂದ, ಈಗಾಗಲೇ ಕಸದ ಗಾಡಿ ಹೋಗುವ ದಾರಿಯಲ್ಲೇ ಶುರುಮಾಡಿ. ಹೊಸ ಸುತ್ತು ಬೇಕಿಲ್ಲವಾದ್ದರಿಂದ ಖರ್ಚು ತಗ್ಗುತ್ತದೆ. ನೂರಕ್ಕೆ 5ರಿಂದ 10ರಷ್ಟು ಬದಲಿ ಡಬ್ಬಿಗಳು ದಾಸ್ತಾನಿನಲ್ಲಿರಲಿ, ವಾಹನ ಗುದ್ದಿದ್ದು, ಮುಚ್ಚಳ ಕಳುವಾದದ್ದು ಇದ್ದೇ ಇರುತ್ತದೆ. ಅಳವಡಿಸಿದ ದಿನವೇ ಡಬ್ಬಿ ನಗರದ ಸ್ವತ್ತು ಎಂದು ಬರೆಸಿ, ಫಲಕ ತೆಗೆದು ಚೌಕಟ್ಟು ಸರಿಪಡಿಸಲು ಬೇಕಾದ ಠೇವಣಿಯನ್ನು ಆಗಲೇ ಪಡೆಯಿರಿ. ಪ್ರಾಯೋಜಕರು ಬಿಟ್ಟುಹೋದರೂ ಡಬ್ಬಿ ಅಲ್ಲೇ ಉಳಿಯುತ್ತದೆ, ಖಾಲಿ ಫಲಕದಲ್ಲಿ ಯಾವ ಕಸ ಎಲ್ಲಿಗೆ ಎಂಬ ಚಿತ್ರ ಹಾಕಬಹುದು.