ಜೀನ್ ಪರೀಕ್ಷೆ ಇರುವಾಗ ಮನಶ್ಶಾಸ್ತ್ರಜ್ಞರಿಗೆ ಅಲ್ಲೇನು ಕೆಲಸ?

ನೀವು ಕೇಳಿದ್ದು ಇಷ್ಟು: ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಜೀನ್ ಪರೀಕ್ಷೆಯೇ ಹೇಳುತ್ತದೆ, ಮುಂದಿನದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ, ಮಧ್ಯೆ ಮನಶ್ಶಾಸ್ತ್ರಜ್ಞರು ಯಾಕೆ? ನಾನು ಆರೋಗ್ಯ ಮನಶ್ಶಾಸ್ತ್ರದಲ್ಲೇ ಇರುವವಳು. ಇಂಥ ರಿಪೋರ್ಟ್ ಕೈಗೆ ಬಂದ ದಿನ ಜನರ ಎದುರು ಕೂರುವುದೇ ನನ್ನ ಕೆಲಸ.

ಒಮ್ಮೆ ಅಕ್ಕ ತಂಗಿ ಒಟ್ಟಿಗೆ ಬಂದಿದ್ದರು. ತಾಯಿ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅಕ್ಕನಿಗೆ ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಇತ್ತು, ತಂಗಿಗೆ ಇರಲಿಲ್ಲ. ಈ ಜೀನ್ ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ. ಅಕ್ಕ ಕಾಗದವನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಬಿಕ್ಕಿ ಬಿಕ್ಕಿ ಅತ್ತವರು ತಂಗಿ. ದೋಷವಿರುವ ಜೀನ್ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಅದು ಯಾರ ಕೈಯಲ್ಲೂ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಆದರೂ ಅಕ್ಕನನ್ನು ಒಬ್ಬಳೇ ಬಿಟ್ಟು ತಾನು ಪಾರಾದೆ ಅನ್ನುವ ಸಂಕಟ. ಹೀಗೆ ಅಳುವವರು ತುಂಬಾ ಜನ ಇದ್ದಾರೆ.

ಇನ್ನು ಅಂಕಿಯ ವಿಷಯ. ಬಿಆರ್‌ಸಿಎ1 ದೋಷ ಇರುವ ಹೆಂಗಸರಿಗೆ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 72, ಅಂಡಾಶಯದ ಕ್ಯಾನ್ಸರ್ ಶೇ. 44 ಅಂತ 2017ರ ದೊಡ್ಡ ಅಧ್ಯಯನವೊಂದು ಹೇಳುತ್ತದೆ. ಅದೇ 72 ಕೇಳಿ ಒಬ್ಬರು ‘ಬಂದೇ ಬಂತು’ ಅಂತ ಕುಸಿಯುತ್ತಾರೆ, ಇನ್ನೊಬ್ಬರು ‘ಉಳಿದ 28ರಲ್ಲಿ ನಾನೂ ಒಬ್ಬಳು’ ಅಂತ ಎದ್ದು ಹೋಗುತ್ತಾರೆ. ನಾನು ನೂರು ಚುಕ್ಕಿ ಬಿಡಿಸಿದ ಹಾಳೆ ಕೊಟ್ಟು, 72ಕ್ಕೆ ಅವರ ಕೈಯಲ್ಲೇ ಬಣ್ಣ ಹಚ್ಚಿಸುತ್ತೇನೆ. ಆಗ ಅಂಕಿ ಅದರ ಅಳತೆಯಲ್ಲೇ ಕಾಣುತ್ತದೆ.

ಹೆದರಿಸಿದರೆ ಜನ ದಾರಿಗೆ ಬರುತ್ತಾರೆ ಅನ್ನುವುದು ಈ ಕ್ಷೇತ್ರದ ದೊಡ್ಡ ತಪ್ಪುಕಲ್ಪನೆ. ನಿಮ್ಮ ಜೀನ್‌ನಲ್ಲಿ ಅಪಾಯ ಇದೆ ಅಂತ ಹೇಳಿದ ಮಾತ್ರಕ್ಕೆ ಜನ ಸಿಗರೇಟು ಬಿಡುವುದಾಗಲಿ, ಊಟ, ವ್ಯಾಯಾಮ ಬದಲಿಸುವುದಾಗಲಿ ಹೆಚ್ಚುಕಮ್ಮಿ ಆಗುವುದೇ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2016ರ ವಿಶ್ಲೇಷಣೆ ಇದನ್ನೇ ತೋರಿಸಿತು. ಭಯ ಜಾಸ್ತಿಯಾಗಿ ದಾರಿ ಕಾಣದಿದ್ದರೆ ಮನುಷ್ಯ ಮುಖ ತಿರುಗಿಸುತ್ತಾನೆ, ಅಲ್ವಾ? ಲಿಂಚ್ ಸಿಂಡ್ರೋಮ್, ಅಂದರೆ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶವಾಹಿ ದೋಷ, ಇರುವವರನ್ನೇ ನೋಡಿ. ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿದರೆ ಕರುಳಿನ ಗಂಟುಗಳನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಆದರೆ ಹಿಂದಿನ ದಿನದ ಭೇದಿ ಔಷಧ, ಮುಜುಗರ, ‘ಏನಾದರೂ ಸಿಕ್ಕಿಬಿಟ್ಟರೆ’ ಅನ್ನುವ ಅಳುಕು ಸೇರಿ ದಿನಾಂಕ ಮುಂದೆ ಹೋಗುತ್ತಲೇ ಇರುತ್ತದೆ. ಅದಕ್ಕೇ ಯಾವ ದಿನ, ಜೊತೆಗೆ ಯಾರು, ಮನಸ್ಸು ಹಿಂದೇಟು ಹಾಕಿದರೆ ಯಾರಿಗೆ ಫೋನ್ ಮಾಡುವುದು ಅಂತ ಕೂತು ಬರೆಸುತ್ತೇವೆ. ಸುಮ್ನೆ ‘ತಪ್ಪದೆ ಬನ್ನಿ’ ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ದೋಷ ಇಲ್ಲ ಅಂತ ಬಂದವರಿಗೂ ಮಾತು ಬೇಕು. ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವವು ಶೇ. 5ರಿಂದ 10 ಮಾತ್ರ. ಎಲ್ಲರಿಗೂ ಇರುವ ಅಪಾಯ ಅವರಿಗೂ ಇದೆ.

ಆ ಅಕ್ಕನಿಗೆ ಕ್ಯಾನ್ಸರ್ ಅಪಾಯ ತಗ್ಗಿಸಲು ಮಾಡುವ ಶಸ್ತ್ರಚಿಕಿತ್ಸೆಗಿಂತ ಕಷ್ಟವಾಗಿದ್ದು ಅಣ್ಣನಿಗೆ ವಿಷಯ ತಿಳಿಸುವುದು. ಗಂಡಸರಿಗೂ ಈ ದೋಷ ಬರುತ್ತದೆ, ಅವರಿಂದ ಹೆಣ್ಣುಮಕ್ಕಳಿಗೂ ದಾಟಬಹುದು. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ಮೊದಲ ವಾಕ್ಯ ಏನಿರಬೇಕು ಅಂತ ನಾಲ್ಕು ಸಲ ಬರೆದು ಹೊಡೆದು ಹಾಕಿದರು. ಕೊನೆಗೆ ನನ್ನ ಕೋಣೆಯಿಂದಲೇ ಫೋನ್ ಮಾಡಿದರು. ನಂಬರ್ ಒತ್ತಿ ಕೊಟ್ಟಿದ್ದು ತಂಗಿ.